ಎಲ್ಲರಿಗೂ ಕಾಣುವ ಕೊನೆಯ ಸಾಲು

ಕಣ್ಣು ಪರೀಕ್ಷೆಯ ಪಟವನ್ನು ಮೊಳೆಯಿಂದ ತೆಗೆದು, ಅಕ್ಷರಗಳು ಗೋಡೆಯ ಕಡೆ ಹೋಗುವಂತೆ ತಿರುಗಿಸಿ, ಮತ್ತೆ ಅಲ್ಲೇ ತೂಗುಹಾಕಿದೆ. ಈಗ ಎದುರಿಗೆ ಕಾಣುತ್ತಿದ್ದದ್ದು ಬರೀ ಕಂದು ರಟ್ಟು. ಆಮೇಲೆ ಹುಡುಗಿಯನ್ನು ಒಳಗೆ ಕರೆದೆ.

ಮೂರನೇ ತರಗತಿಯವಳು. ಶಾಲೆಯವರೆಲ್ಲ ಅವಳನ್ನು ಚಿನಕುರುಳಿ ಎನ್ನುತ್ತಾರೆ. ಎರಡು ನಿಮಿಷ ಮಾತಾಡಿಸಿದರೆ ಯಾಕೆಂದು ಗೊತ್ತಾಗುತ್ತದೆ. ನೆಲದ ಮೇಲೆ ಬಳಿದಿದ್ದ ಹಳದಿ ಗೆರೆಗೆ ಕಾಲ್ಬೆರಳು ತಾಗಿಸಿ ನಿಂತಳು. ಎಡಗಣ್ಣಿನ ಮೇಲೆ ಅಂಗೈ ಮುಚ್ಚಿದಳು.

"ಗೋಡೆ ಮೇಲೆ ಇರೋದನ್ನ ಓದಮ್ಮ," ಎಂದೆ.

"ಗ! ಪ, ರ! ನ, ಟ, ಲ! ವ, ಡ, ಸ, ಕ!"

ಎಲ್ಲೂ ತಡವರಿಸಲಿಲ್ಲ. ಕಂದು ರಟ್ಟನ್ನೇ ನೋಡಿಕೊಂಡು ಕೊನೆಯ ಸಾಲಿನ ಎಂಟು ಅಕ್ಷರಗಳನ್ನೂ ಹೇಳಿ ಮುಗಿಸಿ, ಕೈ ಇಳಿಸಿ, "ಇನ್ನೊಂದು ಕಣ್ಣು?" ಎಂದು ಕೇಳಿದಳು.

ಮೇಜಿನ ಹಿಂದೆ ಕೂತಿದ್ದ ಕಣ್ಣಿನ ಡಾಕ್ಟರು ಎದ್ದು ನಿಂತಿದ್ದರು. ಕುರ್ಚಿ ಹಿಂದಕ್ಕೆ ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ.

"ಪುಟ್ಟಾ," ಎಂದರು ಮೆಲ್ಲಗೆ, "ಅಲ್ಲಿ ಅಕ್ಷರ ಕಾಣ್ತಾ ಇದೆಯಾ ನಿನಗೆ?"

"ಮಂಜು ಮಂಜಾಗಿದೆ. ಯಾವಾಗ್ಲೂ ಹಂಗೇ ಅಲ್ವಾ? ಆದ್ರೂ ಪೂರ್ತಿ ಓದ್ದೆ!"

ಎಷ್ಟು ಹೆಮ್ಮೆಯಿಂದ ಹೇಳಿದಳೆಂದರೆ, ಮೂವತ್ತೊಂದು ವರ್ಷ ಪೊಲೀಸ್ ಕೆಲಸದಲ್ಲಿ ಕಲ್ಲಾಗಿದ್ದೇನೆ ಎಂದುಕೊಂಡಿದ್ದ ನಾನೇ ಮುಖ ಆಚೆ ತಿರುಗಿಸಿಕೊಂಡೆ.

ತಿಳಿಯದವರಿಗೆ ಒಂದೇ ಮಾತಿನಲ್ಲಿ ಹೇಳುತ್ತೇನೆ. ಈ ಶಾಲೆಯ ಇನ್ನೂರ ಹನ್ನೆರಡು ಮಕ್ಕಳಲ್ಲಿ ಒಬ್ಬರಿಗೂ ಕನ್ನಡಕ ಬೇಡವೆಂದು ಎರಡು ವರ್ಷ ಸಹಿ ಹಾಕಿದ್ದವರು ಈ ಡಾಕ್ಟರು. ಹೋದ ತಿಂಗಳು ಇಲಾಖೆಯ ತಂಡ ಬಂದು ತಮ್ಮದೇ ಯಂತ್ರದಲ್ಲಿ ನೋಡಿದಾಗ, ನೋಡಿದ ಇಪ್ಪತ್ತು ಮಕ್ಕಳಲ್ಲಿ ಏಳು ಮಂದಿಗೆ ಕರಿಹಲಗೆಯೇ ಕಾಣುತ್ತಿರಲಿಲ್ಲ.

ಪರೀಕ್ಷೆ ಮಾಡದೆಯೇ ಸಹಿ ಹಾಕಿದ್ದಾರೆ ಎಂಬುದು ಆರೋಪ. ಇವತ್ತು ಹನ್ನೆರಡು ಗಂಟೆಗೆ ಶಾಲೆಯ ಸಭಾಂಗಣದಲ್ಲೇ ತೀರ್ಮಾನ. ಆರೋಪ ನಿಂತರೆ ಡಾಕ್ಟರ ಕೆಲಸ ಹೋಗುತ್ತದೆ, ಅವರ ಆಸ್ಪತ್ರೆಯ ಜೊತೆಗಿನ ಒಪ್ಪಂದ ರದ್ದಾಗುತ್ತದೆ, ರಾಜ್ಯದ ನಲವತ್ತು ಶಾಲೆಗಳ ಆರೋಗ್ಯ ಕೋಣೆಗಳಿಗೆ ಬೀಗ ಬೀಳುತ್ತದೆ. ತೀರ್ಮಾನ ಹೇಳಲು ಬಂದಿದ್ದ ಜಂಟಿ ನಿರ್ದೇಶಕರು ಆಗಲೇ ಸಭಾಂಗಣದಲ್ಲಿ ಚಹಾ ಕುಡಿಯುತ್ತಿದ್ದರು. ನಿವೃತ್ತಿಯಾಗಿ ಮನೆಯಲ್ಲಿದ್ದ ನನ್ನನ್ನು ವಿಚಾರಣಾಧಿಕಾರಿ ಎಂದು ನೇಮಿಸಿದವರೂ ಅವರೇ.

ಗಂಟೆ ಹನ್ನೊಂದು ದಾಟಿತ್ತು.

"ನಿಮಗೆ ಹೇಗೆ ಗೊತ್ತಾಯ್ತು ಮೇಡಂ?" ಎಂದರು ಡಾಕ್ಟರು.

"ಹಗ್ಗದಾಟ ನೋಡ್ತಾ ನಿಂತಿದ್ದೆ. ನಾಲ್ಕು ಹುಡುಗೀರು ಹಾಡು ಹೇಳ್ಕೊಂಡು ಹಾರ್ತಿದ್ರು. ಗ, ಪರ, ನಟಲ, ವಡಸಕ. ಇದೇನಪ್ಪ ಹಾಡು, ಹಿಂದಿಲ್ಲ ಮುಂದಿಲ್ಲ ಅಂದ್ಕೊಂಡೆ. ಇಲ್ಲಿ ಬಂದು ನಿಮ್ಮ ಪಟ ನೋಡಿದ್ರೆ, ಹಾಡು ಗೋಡೆ ಮೇಲೇ ನೇತಾಡ್ತಿದೆ."

ಅವರು ಬಿಳಿ ಹಾಳೆಯೊಂದನ್ನು ಎಳೆದುಕೊಂಡು, ದಪ್ಪ ಪೆನ್ನಿನಲ್ಲಿ ಬೇರೆ ಅಕ್ಷರಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಬರೆದು ಗೋಡೆಗೆ ಒತ್ತಿ ಹಿಡಿದರು. ಚಿನಕುರುಳಿ ಮೊದಲ ಸಾಲು ಓದಿದಳು. ಎರಡನೆಯದರಲ್ಲಿ ಕತ್ತು ಮುಂದೆ ಚಾಚಿದಳು. ಮೂರನೆಯದಕ್ಕೆ ಬಂದಾಗ ಗೆರೆ ದಾಟಿ ಎರಡು ಹೆಜ್ಜೆ ಮುಂದೆ ಬಂದಳು.

"ಇದು ಮೋಸ," ಎಂದಳು. "ಇದು ನಮ್ಮ ಪಾಠ ಅಲ್ಲ."

ಡಾಕ್ಟರು ಅವಳ ತಲೆ ಸವರಿದರು. "ಮೋಸ ಅಲ್ಲ ಕಣಮ್ಮ. ನಿನಗೆ ಒಂದು ಒಳ್ಳೇ ಕನ್ನಡಕ ಬರುತ್ತೆ." ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು. "ಮೊದಲನೇ ವರ್ಷ ನನಗೇ ಆಶ್ಚರ್ಯ ಆಗಿತ್ತು. ಒಬ್ಬರಿಗೂ ತೊಂದರೆ ಇಲ್ಲ ಅಂದ್ರೆ ಹೇಗೆ ಅಂತ. ಆದ್ರೆ ನಾನು ಓದಿದ ಶಾಲೆ ಮೇಡಂ ಇದು. ನಮ್ಮ ಶಾಲೆ ಅಂದ್ರೆ ಸುಮ್ನೇನಾ ಅಂತ ಹೆಮ್ಮೆಪಟ್ಕೊಂಡು ಸಹಿ ಹಾಕಿಬಿಟ್ಟೆ."

"ಮಕ್ಕಳು ಇಲ್ಲಿಗೆ ವರ್ಷಕ್ಕೆ ಎಷ್ಟು ಸಲ ಬರ್ತಾರೆ?"

"ಎರಡೇ ಸಲ. ಐದೈದು ನಿಮಿಷ."

ಐದು ನಿಮಿಷದಲ್ಲಿ ಇನ್ನೂರು ಮಕ್ಕಳು ಇದನ್ನು ಬಾಯಿಪಾಠ ಮಾಡಲು ಸಾಧ್ಯವೇ ಇಲ್ಲ. ಬಾಗಿ ಚಿನಕುರುಳಿಯನ್ನು ಕೇಳಿದೆ.

"ಇದನ್ನ ಎಲ್ಲಿ ಕಲಿತೆ ಪುಟ್ಟಿ?"

"ಕ್ಲಾಸಲ್ಲಿ ಇತ್ತಲ್ಲ ದೊಡ್ಡದು."

"ಈಗ ಎಲ್ಲಿದೆ?"

ಅವಳು ಭುಜ ಕುಣಿಸಿದಳು. "ಒಂದಿನ ಬಂದು ನೋಡಿದ್ರೆ ಇರ್ಲಿಲ್ಲ."

ಅಷ್ಟರಲ್ಲಿ ಸಭಾಂಗಣದಿಂದ ಕರೆ ಬಂತು. ಜಂಟಿ ನಿರ್ದೇಶಕರು ಡಾಕ್ಟರ ಜೊತೆ ಮೊದಲೇ ಸ್ವಲ್ಪ ಮಾತಾಡಬೇಕಂತೆ. ಡಾಕ್ಟರು ಹೋದರು. ನಾನು ತಡೆಯಲಿಲ್ಲ. ಈಗ ಯೋಚಿಸಿದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

*

ಮೂರನೇ ತರಗತಿಯ ಕೋಣೆ ಖಾಲಿಯಿತ್ತು. ಕರಿಹಲಗೆಯ ಪಕ್ಕದ ಗೋಡೆಯಲ್ಲಿ ಒಂದೂವರೆ ಮೊಳ ಉದ್ದ, ಒಂದು ಮೊಳ ಅಗಲದ ಜಾಗ ಉಳಿದ ಗೋಡೆಗಿಂತ ಬೆಳ್ಳಗಿತ್ತು. ನಾಲ್ಕು ಮೂಲೆಯಲ್ಲೂ ಒಣಗಿದ ಅಂಟು. ಆ ಬಿಳಿ ಜಾಗದ ಸುತ್ತ ಮಕ್ಕಳ ಎತ್ತರಕ್ಕೆ ಸರಿಯಾಗಿ ಬೆರಳಿನ ಕೊಳೆ ಮೆತ್ತಿಕೊಂಡಿತ್ತು. ಮುಟ್ಟಿ ಮುಟ್ಟಿ ಓದಿದ ಗುರುತು.

ಪಕ್ಕದ ಕೋಣೆಗೆ ಹೋದೆ. ಅಲ್ಲೂ ಅದೇ ಅಳತೆಯ ಬಿಳಿ. ಅದರಾಚೆಯ ಕೋಣೆಯಲ್ಲೂ. ಹನ್ನೊಂದು ಕೋಣೆಯಲ್ಲಿ ಹನ್ನೊಂದು ಬಿಳಿ ಜಾಗ, ಎಲ್ಲೂ ಹರಿದ ಚೂರು ಉಳಿದಿಲ್ಲ, ಬಣ್ಣ ಕಿತ್ತಿಲ್ಲ. ಯಾರೋ ನೀರು ಚಿಮುಕಿಸಿ, ಸಾವಕಾಶವಾಗಿ, ಅಕ್ಕರೆಯಿಂದ ಬಿಡಿಸಿದ್ದರು. ಇದು ಹೊರಗಿನ ಕಳ್ಳರ ಕೈಯಲ್ಲ.

ಡಾಕ್ಟರು ಇವನ್ನು ನೋಡಿರಲಿಲ್ಲವೇಕೆ ಎಂಬುದಕ್ಕೆ ಉತ್ತರ ಕಟ್ಟಡದಲ್ಲೇ ಇತ್ತು. ಆರೋಗ್ಯ ಕೋಣೆ ಮೊದಲು ಕಲ್ಲಿದ್ದಲು ಇಡುವ ಕೊಟ್ಟಿಗೆ. ಬಾಗಿಲು ಬೀದಿಯ ಕಡೆಗೆ. ಮಕ್ಕಳ ಅಪ್ಪ ಅಮ್ಮಂದಿರೂ ಮುಜುಗರವಿಲ್ಲದೆ ಬರಲಿ ಎಂದು ಆ ಬಾಗಿಲನ್ನು ಹಾಗೇ ಉಳಿಸಿಕೊಂಡಿದ್ದರು. ಡಾಕ್ಟರು ಬೀದಿಯಿಂದ ಬಂದು ಬೀದಿಗೇ ಹೋಗುತ್ತಿದ್ದರು.

ಈ ಶಾಲೆಯಲ್ಲಿ ಎಲ್ಲವೂ ಹೀಗೆಯೇ, ಯಾರೋ ಒಬ್ಬರು ತಂದು ಸೇರಿಸಿದ್ದು. ಮೂವತ್ತು ವರ್ಷದ ಕೆಳಗೆ ಇಲ್ಲಿಯ ಮುಖ್ಯ ಶಿಕ್ಷಕಿ, ಎಲ್ಲರ ಬಾಯಲ್ಲಿ ದೊಡ್ಡ ಟೀಚರ್, ಒಬ್ಬರೇ ಬೀದಿಬೀದಿ ಅಲೆದು ಕೇಳಿದರಂತೆ: ನಿಮ್ಮ ಕೈಲಿ ಏನಿದೆಯೋ ಅದನ್ನೇ ಕೊಡಿ. ಬೇಕರಿಯವರು ಬೆಳಗಿನ ಮೊದಲ ಒಲೆಯ ಬನ್ನು ಕೊಟ್ಟರು. ಬಸ್ ಡಿಪೋದ ಮೇಸ್ತ್ರಿ ಶನಿವಾರ ಬಂದು ದೊಡ್ಡ ಮಕ್ಕಳಿಗೆ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸಿದರು. ಹೊಲಿಗೆ ಕಾರ್ಖಾನೆಯ ಹೆಂಗಸರು ಸಂಜೆ ಇಲ್ಲೇ ಕೂತು ಅಕ್ಷರ ಕಲಿತರು, ಪ್ರತಿಯಾಗಿ ಮಕ್ಕಳಿಗೆ ಸಮವಸ್ತ್ರ ಹೊಲಿದರು. ಇದನ್ನು ನೋಡಿಯೇ ಇಲಾಖೆ ರಾಜ್ಯದಲ್ಲಿ ನಲವತ್ತು ಸಮುದಾಯ ಶಾಲೆ ಮಾಡಿತು. ಮನೆಗೊಂದು ಕೈ ಸೇರಿದರೆ ಏನಾಗುತ್ತದೆ ಎಂದು ನೋಡಬೇಕಾದರೆ ಇಲ್ಲಿಗೆ ಬರಬೇಕು. ನನಗಂತೂ ಒಳಗೆ ಕಾಲಿಟ್ಟ ಮೊದಲ ದಿನವೇ, ಇದು ನನ್ನದೇ ಶಾಲೆ ಎನ್ನುವಷ್ಟು ಹೆಮ್ಮೆಯಾಗಿತ್ತು.

ಪಟ ಎಂದ ಮೇಲೆ ಪ್ರೆಸ್ಸು. ಗೇಟಿನ ಎದುರಿಗೇ ಪ್ರೆಸ್ ಮಾವನ ಅಂಗಡಿ. ಎಪ್ಪತ್ತು ವರ್ಷದ ಮುದುಕರು, ಉಗುರಿನ ಸಂದಿಯಲ್ಲಿ ಮಾಸದ ಮಸಿ. ಶಾಲೆಯ ಅಚ್ಚಿನ ಕೆಲಸವೆಲ್ಲ ಅವರ ಪಾಲು.

"ಮಾವ, ಕಣ್ಣಿನ ಪಟ ಅಚ್ಚು ಹಾಕಿದ್ದು ನೀವೇನಾ?"

ಅವರ ಮುಖ ಅರಳಿತು. "ನಾನಲ್ಲದೆ ಇನ್ಯಾರು? ಆಸ್ಪತ್ರೆಯೋರು ಒಂದು ಬೇಕು ಅಂದ್ರು. ಅಚ್ಚಾಗಿ ಒಣಗೋಕೆ ಹಾಕಿದ್ದಾಗ ನೋಡ್ತೀನಿ, ಆಹಾ! ಮೇಲೆ ದೊಡ್ಡಕ್ಷರ, ಇಳೀತಾ ಇಳೀತಾ ಸಣ್ಣಕ್ಷರ. ಇಂಥ ಅಚ್ಚುಕಟ್ಟು ಪಟ ಅಂಗಡೀಲಿ ಸಿಗುತ್ತಾ ಹೇಳಿ? ಒಂದೇ ಯಾಕೆ ಅಂತ ಕ್ಲಾಸಿಗೊಂದು ಹೊಡೆದುಕೊಟ್ಟೆ. ಮಕ್ಕಳು ಅಕ್ಷರ ಕಲೀಲಿ ಅಂತ."

"ಬೇಡ ಅಂತ ಯಾರೂ ಹೇಳ್ಲಿಲ್ವಾ?"

"ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತಾರೇನಮ್ಮ ಯಾರಾದ್ರೂ? ದೊಡ್ಡ ಟೀಚರ್ ಕುಣಿದಾಡಿಬಿಟ್ರು. ನನ್ನ ಮೊಮ್ಮಗಳಂತೂ ಒಂದೇ ವಾರದಲ್ಲಿ ಕೊನೇ ಸಾಲಿನ ತನಕ ಕಲಿತಳು!"

ಅವರ ಎದುರಿಗೆ ನಿಂತು, ಮಾವ, ನಿಮ್ಮ ಒಳ್ಳೆಯತನವೇ ಈ ಮಕ್ಕಳ ಕಣ್ಣು ಮುಚ್ಚಿದೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಸಭೆಗೆ ಬನ್ನಿ ಎಂದಷ್ಟೇ ಹೇಳಿ ಹೊರಟೆ.

*

ದೊಡ್ಡ ಟೀಚರ್ ತಮ್ಮ ಕೋಣೆಯಲ್ಲಿ ಸ್ವಾಗತ ಭಾಷಣದ ಹಾಳೆ ಹಿಡಿದು ಕೂತಿದ್ದರು. ಅದು ತಲೆಕೆಳಗಾಗಿತ್ತು.

"ಬೀರುವಿನ ಕೀಲಿ ಕೊಡ್ತೀರಾ?" ಎಂದೆ.

"ಯಾಕೆ ಪೊಲೀಸಕ್ಕ?"

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಟೀಚರ್? ಹನ್ನೊಂದು ಗೋಡೆ ನೋಡ್ಕೊಂಡು ಬಂದಿದ್ದೀನಿ. ಅಷ್ಟು ನಾಜೂಕಾಗಿ ಪಟ ಬಿಡಿಸೋ ಕೈ ಈ ಶಾಲೇಲಿ ಒಂದೇ."

ಅವರು ಕೀಲಿ ಮೇಜಿನ ಮೇಲೆ ಇಟ್ಟರು. ಬೀರುವಿನ ಕೆಳಗಿನ ಅರೆಯಲ್ಲಿ ಹನ್ನೊಂದು ಸುರುಳಿ, ಒಂದೊಂದಕ್ಕೂ ದಾರ ಕಟ್ಟಿ ಸಾಲಾಗಿ ಜೋಡಿಸಿದ್ದರು.

"ಯಾವತ್ತು ತೆಗೆದ್ರಿ?"

"ಇಲಾಖೆಯ ತಂಡ ಬಂದು ಹೋದ ಮಾರನೇ ದಿನ. ಏಳು ಮಕ್ಕಳು ಅಂದಾಗ ತಲೆ ಕೆಟ್ಟುಹೋಯ್ತು. ಒಬ್ಬನ್ನ ಕರೆದು ಕ್ಲಾಸಿನ ಪಟ ಓದಿಸ್ದೆ. ಕಣ್ಣು ಮುಚ್ಕೊಂಡೇ ಓದಿದ. ಆಗ ಗೊತ್ತಾಯ್ತು."

"ಗೊತ್ತಾದ ಮೇಲೂ ಬಾಯಿಗೆ ಬೀಗ ಹಾಕ್ಕೊಂಡ್ರಾ?" ನನ್ನ ಧ್ವನಿ ಏರಿತು. ಏರಲಿ ಎಂದೇ ಬಿಟ್ಟೆ. "ಆ ಡಾಕ್ಟ್ರು ಯಾರು? ನೀವೇ ಕೈಹಿಡಿದು ಬರೆಸಿದ ಹುಡುಗ! ಅವನ ಅನ್ನಕ್ಕೆ ಕಲ್ಲು ಬೀಳ್ತಿದೆ, ನೀವು ಸುರುಳಿ ಸುತ್ತಿ ದಾರ ಕಟ್ಕೊಂಡು ಕೂತಿದ್ದೀರಿ!"

"ಇನ್ನೊಂದು ಸಲ ಪರೀಕ್ಷೆ ಮಾಡಿಸಿ ಬಿಟ್ಟುಬಿಡ್ತಾರೆ ಅಂದ್ಕೊಂಡೆ." ಅವರು ನನ್ನ ಕಣ್ಣು ತಪ್ಪಿಸಲಿಲ್ಲ; ಅದೊಂದನ್ನು ಮೆಚ್ಚಬೇಕು. "ಮೊದಲನೇ ದಿನ ಸುಮ್ಮನಿದ್ದೆ. ಎರಡನೇ ದಿನ ಹೇಳೋದು ಇನ್ನೂ ಕಷ್ಟ ಆಯ್ತು. ಹತ್ತನೇ ದಿನಕ್ಕೆ ನಾಲಿಗೆ ಹೊರಳಲೇ ಇಲ್ಲ. ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದೋಳು ನಾನು. ನಮ್ಮ ಮಕ್ಕಳಿಗೆ ಒಬ್ಬರಿಗೂ ಕನ್ನಡಕ ಬೇಡ ಅಂತ ರಾಜ್ಯದ ಸಭೆಯಲ್ಲಿ ಎದೆ ತಟ್ಕೊಂಡು ಹೇಳಿದ್ದೆ. ಚಪ್ಪಾಳೆ ಹೊಡೆದಿದ್ರು."

"ಚಪ್ಪಾಳೆ ಬೇಕಾ, ಮಕ್ಕಳ ಕಣ್ಣು ಬೇಕಾ?"

ಅವರು ಎದ್ದು ನಿಂತು ಸೀರೆಯ ಸೆರಗು ಸರಿ ಮಾಡಿಕೊಂಡರು. "ಬನ್ನಿ. ಎಲ್ಲರ ಮುಂದೆ ಹೇಳ್ತೀನಿ. ಆದ್ರೆ ಅದಕ್ಕೆ ಮುಂಚೆ ನಿಮಗೊಂದು ಹೇಳ್ಬೇಕು."

"ಇನ್ನೂ ಇದೆಯಾ?"

"ಈ ಪಟ ಇಲ್ಲಿ ಮಾತ್ರ ಇಲ್ಲ. ಶಾಲೆ ನಲವತ್ತಾದಾಗ, ಜಂಟಿ ನಿರ್ದೇಶಕರು ಬಾಯಿಮಾತಲ್ಲೇ ಹೂಂ ಅಂದ ಮೇಲೆ, ಎಲ್ಲರಿಗೂ ನಮ್ಮ ಕಡೆಯಿಂದ ಒಂದೊಂದು ಕಟ್ಟು ಕಳಿಸಿದ್ದೆ. ಮಾವ ಅಚ್ಚು ಹಾಕಿಕೊಟ್ರು, ಡಿಪೋದವರು ಬಸ್ಸಿನಲ್ಲಿ ಹಾಕಿ ತಲುಪಿಸಿದ್ರು. ಕ್ಲಾಸಿಗೊಂದು ಪಟ. ಅಲ್ಲಿಯ ಆರೋಗ್ಯ ಕೋಣೇಲೂ ಆಸ್ಪತ್ರೆಯವರದು ಇದೇ ಪಟ."

ನಾನು ಕುರ್ಚಿ ಎಳೆದುಕೊಂಡು ಕೂತೆ. ನಲವತ್ತು ಶಾಲೆ. ಒಂದೊಂದರಲ್ಲಿ ಇನ್ನೂರು, ಮುನ್ನೂರು ಮಕ್ಕಳು. ಎಲ್ಲರ ಚೀಟಿಯಲ್ಲೂ ದೃಷ್ಟಿ ಚೆನ್ನಾಗಿದೆ ಎಂಬ ಸಹಿ. ಬೋರ್ಡು ಕಾಣದೆ ದಡ್ಡರು ಅನ್ನಿಸಿಕೊಂಡು ಕೂತಿರುವ ಮಕ್ಕಳು ಎಷ್ಟು ಸಾವಿರವೋ.

ಆದರೆ ಪೊಲೀಸಿನ ತಲೆ ಅಳುವಾಗಲೂ ಸಾಕ್ಷಿ ಹುಡುಕುತ್ತದೆ. ಬೇರೆ ಶಾಲೆಗಳ ಗೋಡೆಯ ಮೇಲೂ ಈ ಪಟ ಇದ್ದರೆ, ಡಾಕ್ಟರು ಸುಳ್ಳು ಹೇಳಿಲ್ಲ ಎಂಬುದಕ್ಕೆ ಇನ್ನೇನು ಬೇಕು?

"ಫೋನ್ ಮಾಡಿ," ಎಂದು ನನ್ನ ಫೋನನ್ನೇ ಅವರ ಕೈಗಿಟ್ಟೆ. "ಒಬ್ಬೊಬ್ಬರಿಗೇ."

ಮೊದಲನೆಯ ಶಾಲೆಯ ಮುಖ್ಯ ಶಿಕ್ಷಕರು ಎರಡೇ ರಿಂಗಿಗೆ ಫೋನ್ ಎತ್ತಿದರು. "ಪಟಾನಾ ಟೀಚರ್? ಅವನ್ನ ಆಗ್ಲೇ ವಾಪಸ್ ಕೊಟ್ಟಾಯ್ತಲ್ಲ. ಕಾಗದ ಬಂದಿತ್ತು, ಒಬ್ಬರು ಬಂದು ಎಲ್ಲಾ ಬಿಡಿಸ್ಕೊಂಡು ಹೋದ್ರು."

ಎರಡನೆಯವರದೂ ಅದೇ ಮಾತು. ಮೂರನೆಯವರದೂ ಅದೇ.

ನಾನು ದೊಡ್ಡ ಟೀಚರ್ ಮುಖ ನೋಡಿದೆ. ಅವರ ಕಣ್ಣಲ್ಲಿ ಇದ್ದದ್ದು ನಿಜವಾದ ಗಾಬರಿ. "ನಾನು ನಮ್ಮ ಶಾಲೇದು ಮಾತ್ರ ತೆಗೆದಿದ್ದು ಪೊಲೀಸಕ್ಕ. ಮಕ್ಕಳ ಆಣೆಗೂ."

ನಾಲ್ಕನೆಯ ಶಾಲೆಯವರು ಹೆಂಗಸು, ಜೋರು ಬಾಯಿ. "ಕಾಗದಾನೂ ವಾಪಸ್ ಕೊಡ್ಬೇಕು ಅಂತ ಅದರಲ್ಲೇ ಬರೆದಿತ್ತು ಕಣ್ರೀ. ಅದ್ಯಾಕೆ ಅಂತ ನನಗೆ ಅನುಮಾನ ಬಂತು. ಕೊಡೋ ಮುಂಚೆ ಒಂದು ಫೋಟೋ ತೆಗೆದಿಟ್ಕೊಂಡೆ. ನಮ್ಮತ್ತೆ ಜೊತೆ ಇಪ್ಪತ್ತು ವರ್ಷ ಬಾಳಿದೋಳು ನಾನು, ಸಾಕ್ಷಿ ಇಲ್ದೆ ಏನೂ ಬಿಡಲ್ಲ. ಕಳಿಸ್ತೀನಿ ಇರಿ."

ಫೋಟೋ ಬಂತು. ಟೈಪ್ ಮಾಡಿದ ನಾಲ್ಕು ಸಾಲು. ತನಿಖೆಗಾಗಿ ಪಟಗಳನ್ನು ವಶಕ್ಕೆ ಪಡೆಯಲಾಗುತ್ತಿದೆ, ವಿಷಯ ಗುಟ್ಟಾಗಿರಲಿ, ಈ ಪತ್ರವನ್ನೂ ಹಿಂದಿರುಗಿಸುವುದು. ಕೆಳಗೆ ಇಲಾಖೆಯ ಮೊಹರು. ಅದರ ಕೆಳಗೆ ವಿಚಾರಣಾಧಿಕಾರಿಯ ಹೆಸರು, ಸಹಿ.

ಹೆಸರು ನನ್ನದು. ಸಹಿ ನನ್ನದಲ್ಲ.

ಮೈ ಉರಿಯಿತು. ಮೂವತ್ತೊಂದು ವರ್ಷ ಒಂದು ಕಪ್ಪು ಚುಕ್ಕೆ ಇಲ್ಲದೆ ಕಾಪಾಡಿಕೊಂಡ ಹೆಸರು ಅದು. ಅಷ್ಟರಲ್ಲಿ ಮೇಲಿನ ತಾರೀಖು ಕಣ್ಣಿಗೆ ಬಿತ್ತು, ಉರಿ ಇಳಿದು ಬೆನ್ನು ತಣ್ಣಗಾಯಿತು. ಕಾಗದ ಹೋದ ಬುಧವಾರದ್ದು. ಈ ಕೇಸು ನನ್ನ ಕೈಗೆ ಬಂದದ್ದು ಈ ಸೋಮವಾರ. ಸೋಮವಾರದ ತನಕ ನಾನು ಮನೆಯಲ್ಲಿ ಬಟ್ಟೆ ಮಡಚಿಕೊಂಡು ಕೂತಿದ್ದೆ. ವಿಚಾರಣೆಗೆ ನಾನೇ ಬರುತ್ತೇನೆಂದು ಬುಧವಾರವೇ ತಿಳಿದಿದ್ದವರು ಯಾರು?

ನನ್ನನ್ನು ಆರಿಸಿದ ಜಂಟಿ ನಿರ್ದೇಶಕರಿಗೆ ಮಾತ್ರ ತಿಳಿದಿರಲು ಸಾಧ್ಯ. ಪಟ ಹಂಚಲು ಹೂಂ ಅಂದದ್ದು ಹೊರಬರಬಾರದೆಂಬ ಭಯವೂ ಅವರಿಗೇ.

ಡಾಕ್ಟರು ಅರ್ಧ ಗಂಟೆಯಿಂದ ಅವರ ಪಕ್ಕದಲ್ಲೇ ಕೂತಿದ್ದರು.

*

ಸಭಾಂಗಣ ತುಂಬುತ್ತಿತ್ತು. ಬೇಕರಿಯವರು, ಡಿಪೋದ ಮೇಸ್ತ್ರಿ, ಹೊಲಿಗೆಯ ಹೆಂಗಸರು, ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದಿದ್ದರು. ಮುಂದಿನ ಮೇಜಿನ ಹಿಂದೆ ಡಾಕ್ಟರು ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಜಂಟಿ ನಿರ್ದೇಶಕರು ಒಂದು ಹಾಳೆಯನ್ನು ಮಡಚಿ ಕೈಚೀಲಕ್ಕೆ ಸೇರಿಸಿಕೊಂಡರು.

"ಬನ್ನಿ ಮೇಡಂ," ಎಂದರು ನಗುತ್ತ. ನಯವಾದ ಮನುಷ್ಯ, ಮಾತಿನಲ್ಲಿ ಬೆಣ್ಣೆ. "ನಿಮಗೆ ಶ್ರಮ ಉಳೀತು. ಡಾಕ್ಟ್ರು ಒಪ್ಕೊಂಡು ಬರೆದುಕೊಟ್ರು."

"ಏನಂತ?"

ಡಾಕ್ಟರು ತಲೆಯೆತ್ತಲಿಲ್ಲ. "ಪರೀಕ್ಷೆ ಮಾಡದೆ ಸಹಿ ಹಾಕಿದೆ ಅಂತ. ತಪ್ಪು ನನ್ನೊಬ್ಬನದು ಅಂತ ಬರೆದ್ರೆ ಆಸ್ಪತ್ರೆಗೆ ಏನೂ ಆಗಲ್ಲ, ನಲವತ್ತು ಕೋಣೇನೂ ಉಳಿಯುತ್ತೆ ಅಂದ್ರು."

"ಪಟದ ವಿಷಯ ಹೇಳ್ಲಿಲ್ವಾ?"

"ಹೇಳ್ದೆ. ಕ್ಲಾಸಲ್ಲಿ ಪಟ ಎಲ್ಲಿದೆ ತೋರ್ಸು ಅಂದ್ರು. ಎಲ್ಲಿದೆ ಮೇಡಂ?"

ನನ್ನ ಹಿಂದಿನಿಂದ ದೊಡ್ಡ ಟೀಚರ್ ನಡೆದು ಬಂದರು. ಕಂಕುಳಲ್ಲಿ ಹನ್ನೊಂದು ಸುರುಳಿ. ಮೈಕಿನ ಮುಂದೆ ನಿಂತು, ಒಂದನ್ನು ಬಿಚ್ಚಿ ಎತ್ತಿ ಹಿಡಿದರು.

"ಇಲ್ಲಿದೆ," ಎಂದರು. "ಇದನ್ನ ಗೋಡೆಗೆ ಹಚ್ಚಿದ್ದು ನಾನು. ಮಕ್ಕಳು ಇದನ್ನ ಬಾಯಿಪಾಠ ಮಾಡಿ ಡಾಕ್ಟ್ರ ಮುಂದೆ ಒಪ್ಪಿಸಿದ್ರು. ಗೊತ್ತಾದಾಗ ಹೇಳೋ ಬದಲು ಬಚ್ಚಿಟ್ಟಿದ್ದೂ ನಾನೇ. ಉಳಿದ ಮೂವತ್ತೊಂಬತ್ತು ಶಾಲೆಗೆ ಕಳಿಸಿದ್ದೂ ನಾನೇ. ಈ ಹುಡುಗ ಹುಟ್ಟಿದ ಮೇಲೆ ಬರೆದ ಮೊದಲನೇ ಸುಳ್ಳು ಈಗ ನಿಮ್ಮ ಚೀಲದಲ್ಲಿದೆ ಸಾಹೇಬ್ರೇ. ವಾಪಸ್ ಕೊಡಿ."

ಆಮೇಲೆ ಹಿಂದಿನ ಬೆಂಚಿನಿಂದ ಪ್ರೆಸ್ ಮಾವ ಎದ್ದರು. ಅವರ ಮುಖ ನೋಡಲಾಗುತ್ತಿರಲಿಲ್ಲ. "ಅಚ್ಚು ಹಾಕಿದ್ದು ನಾನು," ಎಂದರು. ಡಿಪೋದ ಮೇಸ್ತ್ರಿ ಎದ್ದರು. "ಬಸ್ಸಲ್ಲಿ ಹೊತ್ತು ಹಾಕಿದ್ದು ನಾವು." ಹೊಲಿಗೆಯ ಹೆಂಗಸರಲ್ಲಿ ಹಿರಿಯಳು ಎದ್ದು, "ಅಂಟು ಕಲಸಿ ಹಚ್ಚಿಕೊಟ್ಟಿದ್ದು ನಾವು, ನಮ್ಮನ್ನೂ ಬರ್ಕೊಳ್ಳಿ," ಎಂದಳು.

ಒಳ್ಳೆಯದು ಮಾಡಿದಾಗ ಹೆಸರು ಹೇಳಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ತಪ್ಪಾದಾಗ ಹೀಗೆ ಸರತಿಯಲ್ಲಿ ನಿಂತು ಹೆಸರು ಕೊಡುವವರನ್ನು ನನ್ನ ಇಡೀ ಸರ್ವೀಸಿನಲ್ಲಿ ನೋಡಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಜಂಟಿ ನಿರ್ದೇಶಕರ ನಗು ಮಾಸಲಿಲ್ಲ. "ತುಂಬಾ ಚೆನ್ನಾಗಿದೆ. ಶಿಷ್ಯನ್ನ ಉಳಿಸೋಕೆ ಟೀಚರ್ ಈ ಪಟಾನ ನಿನ್ನೆ ಅಚ್ಚು ಹಾಕಿಸಿರಬಹುದಲ್ಲ? ಉಳಿದ ಶಾಲೆಯಲ್ಲೂ ಇದೆ ಅಂದ್ರಿ. ಒಂದು ಶಾಲೆಯಿಂದ, ಒಂದೇ ಒಂದು ಪುರಾವೆ ತೋರಿಸಿ. ಈ ಕಾಗದ ನಾನೇ ವಾಪಸ್ ಕೊಡ್ತೀನಿ."

ಎಷ್ಟು ನೆಮ್ಮದಿಯಿಂದ ಕೇಳಿದರು! ಎಲ್ಲಾ ಬಳಿದುಕೊಂಡು ಹೋದವರ ನೆಮ್ಮದಿ ಅದು.

ನಾನು ಮೇಜಿನ ಹತ್ತಿರ ಹೋಗಿ, ಫೋಟೋದ ಮೇಲಿನ ಶಾಲೆಯ ವಿಳಾಸಕ್ಕೆ ಹೆಬ್ಬೆರಳು ಅಡ್ಡ ಇಟ್ಟು, ಫೋನನ್ನು ಅವರ ಮುಖದ ಮುಂದೆ ಹಿಡಿದೆ. ಅವರು ಓದಿದರು. ಮೊಹರು, ನನ್ನ ಹೆಸರು, ಸಹಿ, ತಾರೀಖು. ಕೈ ಚಾಚಿ ಮೈಕಿನ ಗುಂಡಿ ಆರಿಸಿದರು.

"ಇದು ಯಾವ ಶಾಲೆಯಿಂದ ಬಂತು?" ಎಂದರು.

ಸಹಿ ಯಾರದೆಂದು ಕೇಳಲಿಲ್ಲ. ಇದೇನು ಸುಳ್ಳು ಕಾಗದ ಎಂದು ಬೆಚ್ಚಲೂ ಇಲ್ಲ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಿ ಸಾರ್," ಎಂದೆ ನಾನೂ ಅಷ್ಟೇ ಮೆಲ್ಲಗೆ.

ಅವರು ಕೈಚೀಲದಿಂದ ಡಾಕ್ಟರ ಹಾಳೆಯನ್ನು ತೆಗೆದು, ಎರಡು ಬೆರಳಲ್ಲಿ ಅದರ ಅಂಚು ಹಿಡಿದರು. "ಫೋಟೋ ಅಳಿಸಿ ಮೇಡಂ. ಆ ಶಾಲೆ ಯಾವುದು ಹೇಳಿ. ಈ ಕಾಗದ ಈಗಲೇ, ಇಲ್ಲೇ ಹರಿದುಹಾಕ್ತೀನಿ. ನಿಮ್ಮ ಡಾಕ್ಟ್ರು ಮನೆಗೆ ಹೋಗ್ತಾರೆ. ಇಲ್ಲ ಅಂದ್ರೆ ಹೊರಗೆ ಪೊಲೀಸ್ ಗಾಡಿ ನಿಂತಿದೆ, ಅವರೇ ಬರೆದುಕೊಟ್ಟ ಒಪ್ಪಿಗೆ ನನ್ನ ಹತ್ರ ಇದೆ."

ಮೈಕು ಆರಿತ್ತು. ಕೇಳಿಸಿದ್ದು ಮೇಜಿನ ಸುತ್ತ ಇದ್ದ ನಮಗೆ ಮಾತ್ರ. ಫೋಟೋ ಅಳಿಸಿ ಆ ಶಾಲೆಯ ಹೆಸರು ಹೇಳಿದರೆ ಮೂವತ್ತೊಂಬತ್ತು ಶಾಲೆಯ ಮಕ್ಕಳ ಕಣ್ಣಿಗೆ ಇದ್ದ ಒಂದೇ ಸಾಕ್ಷಿ ಹೋಗುತ್ತದೆ. ಅಳಿಸದಿದ್ದರೆ ಎದುರಿಗೆ ಕೂತ ಈ ಹುಡುಗ ಹೋಗುತ್ತಾನೆ.

"ಅಳಿಸ್ಬೇಡಿ ಮೇಡಂ," ಎಂದರು ಡಾಕ್ಟರು. ಈಗ ತಲೆ ನೆಟ್ಟಗಿತ್ತು. "ಆ ಮಕ್ಕಳಿಗೆ ಬೋರ್ಡು ಕಾಣ್ಬೇಕು. ನಾನು ಹೋಗ್ತೀನಿ, ಪರವಾಗಿಲ್ಲ."

ದೊಡ್ಡ ಟೀಚರ್ ಅವರನ್ನು ನೋಡಿದರು. ಹೆತ್ತವರಿಗೂ ಸಿಗದಂಥ ಹೆಮ್ಮೆ ಆ ಮುಖದಲ್ಲಿ ತುಂಬಿ ಬಂತು, ಕಣ್ಣಿನಿಂದ ಕೆನ್ನೆಗೆ ಇಳಿಯಿತು. ಆಮೇಲೆ ನನ್ನ ಕಡೆ ತಿರುಗಿ, ಫೋನ್ ಹಿಡಿದಿದ್ದ ನನ್ನ ಮುಂಗೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡರು.

"ಈ ಹುಡುಗನ್ನ ಕಳ್ಕೊಳ್ಳೋ ಶಕ್ತಿ ನನಗಿಲ್ಲ. ಅಳಿಸಿಬಿಡಿ ಪೊಲೀಸಕ್ಕ," ಎಂದರು.